ಮನೆಗೊಂದಾಳು, ಎರಡು ಟ್ಯೂಬು

ಐಸನ್ನು ಪುಡಿ ಮಾಡಿ ತುಂಬಬಾರದು. ದಪ್ಪ ದಪ್ಪ ಗಟ್ಟಿಗಳಾಗಿಯೇ ಇಟ್ಟು, ಸುತ್ತ ಮರದ ಹೊಟ್ಟು ಸುರಿದು, ಮೇಲೆ ಒದ್ದೆ ಗೋಣಿ ಮುಚ್ಚಬೇಕು. ಹಾಗೆ ಮಾಡಿದರೆ ಬೆಳಗ್ಗೆ ಮುಳಬಾಗಿಲಿನಲ್ಲಿ ತುಂಬಿದ ಪೆಟ್ಟಿಗೆ ಸಂಜೆ ಬೆಂಗಳೂರು ಮುಟ್ಟುವಾಗಲೂ ಕೈಗೆ ಕೊರೆಯುವಷ್ಟು ತಣ್ಣಗಿರುತ್ತದೆ. ಇದನ್ನು ಹೇಳಿಕೊಟ್ಟವನು ಐಸ್‌ಕ್ಯಾಂಡಿ ಮಾಡುವವನು. ಕಲಿಯುವ ಹೊತ್ತಿಗೆ ನಮ್ಮ ಮೊದಲ ಪೆಟ್ಟಿಗೆಯ ಐಸು ಕರಗಿ, ಟ್ಯೂಬುಗಳ ಮೇಲಿನ ಶಾಯಿ ಅಳಿಸಿ, ಆ ದಿನದ ದುಡಿಮೆಯೆಲ್ಲ ಚರಂಡಿಗೆ ಹೋಗಿತ್ತು. ಅಲ್ಲಿಂದಾಚೆಗೆ ಪೆನ್ನು ಬಿಟ್ಟೆವು. ಸೀಸದ ಕಡ್ಡಿಯಿಂದ ಬರೆದು ಮೇಲೆ ಟೇಪು ಅಂಟಿಸುತ್ತಿದ್ದೆವು. ಈ ಟೇಪಿನ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಹಳೆಯ ಸೀರೆ, ಪಂಚೆ ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಡುವುದು ನನ್ನ ವ್ಯಾಪಾರವಾಗಿತ್ತು. ಆವನಿಯಿಂದ ತಾಯಲೂರಿನವರೆಗೆ ನಾನು ಕೂತು ಮಾತಾಡದ ಜಗಲಿ ಇರಲಿಲ್ಲ. ಎಲ್ಲರಿಗೂ ನಾನು ‘ಪಾತ್ರೆ ಅಕ್ಕ’. ಅದೇ ಹಳ್ಳಿಗಳಲ್ಲಿ ಬೆಂಗಳೂರಿನ ಒಂದು ಪ್ರಯೋಗಾಲಯದ ಜೀಪು ಓಡಾಡಿ ಬರಿಗೈಯಲ್ಲಿ ವಾಪಸ್ಸಾಗುತ್ತಿತ್ತು. ಜೀಪಿನಲ್ಲಿದ್ದ ವಿಜ್ಞಾನಿ ಮೇಡಂ ಒಂದು ದಿನ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ನನ್ನನ್ನು ಎದುರಿಗೆ ಕೂರಿಸಿಕೊಂಡು ಕೇಳಿದರು.

“ನಿಮಗೆ ಬಾಗಿಲು ತೆಗೆಯೋ ಹೆಂಗಸರು ನಮಗೆ ಯಾಕೆ ತೆಗೆಯಲ್ಲ?”

“ನಾನು ಒಂದು ತಗೊಂಡ್ರೆ ಒಂದು ಕೊಟ್ಟು ಬರ್ತೀನಿ ಮೇಡಂ. ನೀವು ಏನು ಕೊಡ್ತೀರ?”

ಅವರು ನಕ್ಕು, ನೀವೇ ಹೇಳಿ ಎಂದರು. ನಾನು ಎರಡು ಕೇಳಿದೆ. ಪ್ರತಿಯೊಬ್ಬಳಿಗೂ ಅವಳ ರಿಪೋರ್ಟು ಸಿಗಬೇಕು. ಏನಾದರೂ ಕೆಟ್ಟದ್ದು ಕಂಡರೆ ಇದೇ ಜೀಪಿನಲ್ಲಿ ಕೋಲಾರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಮುಂದಿನದನ್ನೂ ನೋಡಿಕೊಳ್ಳಬೇಕು. ಮೇಡಂ ಒಪ್ಪಿದರು. ಯಾರಾದರೂ ಇಂಥ ಕೆಲಸಕ್ಕೆ ಕೈಹಾಕುವುದಿದ್ದರೆ ಹೇಳುತ್ತೇನೆ, ಕೊನೆಯಲ್ಲಿ ಕೇಳಬೇಕಾದ್ದನ್ನು ಮೊದಲೇ ಕೇಳಿ. ಕೆಲಸ ಅರ್ಧ ಆದಮೇಲೆ ಯಾರೂ ಏನೂ ಕೊಡುವುದಿಲ್ಲ.

ಮೇಡಂ ಹುಡುಕುತ್ತಿದ್ದದ್ದು ಒಂದು ವೈರಸ್ಸನ್ನು. ಗರ್ಭಕೋಶದ ಬಾಯಿಗೆ ಬರುವ ಕ್ಯಾನ್ಸರಿಗೆ ಅದೇ ಮೂಲ. ಗಂಡ ಹೆಂಡತಿ ಕೂಡುವಾಗ ಒಬ್ಬರಿಂದ ಒಬ್ಬರಿಗೆ ಬರುತ್ತದೆ, ಎಷ್ಟೋ ಜನರಿಗೆ ಬರುತ್ತದೆ, ಬಹಳ ಜನರಲ್ಲಿ ತಾನಾಗಿಯೇ ಹೋಗಿಬಿಡುತ್ತದೆ. ಕೆಲವರಲ್ಲಿ ಮಾತ್ರ ಹೋಗದೆ ಕೂತು, ಹತ್ತು ಹದಿನೈದು ವರ್ಷ ತೆಗೆದುಕೊಂಡು ಕ್ಯಾನ್ಸರ್ ಆಗುತ್ತದೆ. ಯಾರಲ್ಲಿ ಯಾಕೆ ಕೂರುತ್ತದೆ? ವೈರಸ್ಸಿನೊಳಗೆ ಅಕ್ಷರಗಳ ಒಂದು ಸರ ಇದೆಯಂತೆ. ಒಂದೇ ಜಾತಿಯ ವೈರಸ್ಸಿನಲ್ಲೂ ಅಲ್ಲೊಂದು ಇಲ್ಲೊಂದು ಅಕ್ಷರ ಬೇರೆ ಇರುತ್ತದಂತೆ. ಆ ಒಂದೆರಡು ಅಕ್ಷರಗಳ ವ್ಯತ್ಯಾಸಕ್ಕೂ ಕ್ಯಾನ್ಸರಿಗೂ ಏನಾದರೂ ಸಂಬಂಧ ಇದೆಯೇ, ನಮ್ಮ ಕಡೆಯ ಹೆಂಗಸರಲ್ಲಿ ಯಾವ ಬಗೆಯದು ಹೆಚ್ಚು ಎಂಬುದೇ ಅವರ ಪ್ರಶ್ನೆ. ನನಗೆ ಅದು ಅರ್ಥವಾದದ್ದು ಹೀಗೆ: ಮಾಸ್ತಿ ಕಡೆಯವರೂ ಕನ್ನಡ ಆಡುತ್ತಾರೆ, ಶ್ರೀನಿವಾಸಪುರದವರೂ ಕನ್ನಡ ಆಡುತ್ತಾರೆ. ಎರಡು ಮಾತು ಆಡಿಸಿದರೆ ಯಾರು ಯಾವ ಕಡೆಯವರು ಎಂದು ನಾನು ಹೇಳಬಲ್ಲೆ. ಹಾಗೆ ಮೇಡಂ ವೈರಸ್ಸನ್ನು ಮಾತಾಡಿಸುತ್ತಿದ್ದರು.

ತಾಯಲೂರಿನ ಆಚೆಗಿನ ಒಂದು ಹಳ್ಳಿ. ಹೆಸರು ಬೇಡ. ಅಲ್ಲಿ ಒಬ್ಬ ಸೂಲಗಿತ್ತಿ ಅಜ್ಜಿ ಇದ್ದಳು. ಊರಿನ ಅರ್ಧ ಜನ ಅವಳ ಕೈಮೇಲೆಯೇ ಹುಟ್ಟಿದವರು. ಅವಳು ಹೂಂ ಅನ್ನದೆ ಆ ಊರಿನ ಹೆಂಗಸರು ಒಬ್ಬರೂ ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ಬೆಳಗ್ಗೆ ಹಾಲಿನ ಡೈರಿ ಮುಂದೆ ಅವಳನ್ನು ಹಿಡಿದೆ. ಅವಳ ಮಾತು ಅರ್ಧ ತೆಲುಗು, ಅರ್ಧ ಕನ್ನಡ.

“ರಾವೇ, ಕೂಚೋ,” ಎಂದು ತಾನು ಕೂತಿದ್ದ ಕಲ್ಲಿನ ಮೇಲೆ ಜಾಗ ಮಾಡಿದಳು. “ಈಗ ಪಾತ್ರೆ ಬಿಟ್ಟು ಹೆಂಗಸರ ಸೀರೆ ಒಳಗೆ ಇಣುಕೋ ವ್ಯಾಪಾರನಾ?”

“ಇಣುಕೋದು ಡಾಕ್ಟ್ರಮ್ಮ ಅಜ್ಜಿ. ನಾನು ಬರೀ ಕರೆಯೋಳು.”

“ಎಷ್ಟು ಜನ ಬೇಕು?”

ಕೆರೆಯ ಹೂಳು ಎತ್ತುವಾಗ, ಕಾಲುವೆ ಬಿಡಿಸುವಾಗ ಊರಿನಲ್ಲಿ ಮನೆಗೊಂದಾಳು ಕಳಿಸುವ ಪದ್ಧತಿ ಇತ್ತು. ಯಾರು ಹೋದರೂ ಸರಿ, ಆ ಮನೆಯಿಂದ ಒಬ್ಬರು ಹೋಗಬೇಕು. ಎಲ್ಲರಿಗೂ ತಿಳಿದ ಲೆಕ್ಕ ಎಂದು ನಾನು ಅದನ್ನೇ ಹಿಡಿದೆ. “ಮನೆಗೊಂದಾಳು ಕೊಡ್ಸಜ್ಜಿ, ಸಾಕು.”

ಅಜ್ಜಿ ಎಲೆ ಅಡಿಕೆ ಮೆದ್ದು ಮುಗಿಸಿ ಉಗಿದಳು. “ಕೊಡಿಸ್ತೀನಿ. ಆದ್ರೆ ಗಂಡ ಇಲ್ದೋರನ್ನ ಕರೀಬೇಡ. ನಾಳೆ ಬೆಳಗ್ಗೆ ನಾಲ್ಕು ಜನ ಕೇಳ್ತಾರೆ, ಇವಳಿಗೆ ಅಲ್ಲಿ ತೋರ್ಸೋದು ಏನೇ ಇತ್ತು ಅಂತ. ಅದಕ್ಕೆ ನೀನು ಉತ್ತರ ಕೊಡ್ತೀಯಾ?”

ಒಪ್ಪಿಕೊಂಡೆ. ಮೇಡಂಗೆ ಹೇಳಿದಾಗ ಅವರ ಮುಖ ಸಪ್ಪೆಯಾಯಿತು. “ವಯಸ್ಸಾದವರೇ ನಮಗೆ ಮುಖ್ಯ. ವಿಧವೆಯರನ್ನ ಬಿಟ್ಟರೆ ಅವರಲ್ಲೇ ಬಹಳ ಜನ ಹೋಗಿಬಿಡ್ತಾರೆ.” ಮೊದಲು ಬಾಗಿಲು ತೆಗೆಸೋಣ ಮೇಡಂ, ಆಮೇಲೆ ನೋಡೋಣ ಎಂದೆ. ಆ ಊರಿನಲ್ಲಿ ಕುದುರಿದ ಷರತ್ತನ್ನೇ ಆಮೇಲೆ ಶ್ರೀನಿವಾಸಪುರದ ಕಡೆಗೂ, ಮಾಸ್ತಿಯ ಕಡೆಗೂ ಒಯ್ದೆ. ಎಲ್ಲ ಕಡೆ ಸುಲಭವಾಗಿ ಕೆಲಸವಾಯಿತು. ಸುಲಭವಾಗಿ ಕುದುರಿದ ವ್ಯಾಪಾರದಲ್ಲಿ ಎಲ್ಲೋ ಏನೋ ಬಿಟ್ಟಿರುತ್ತೇವೆ. ಪಾತ್ರೆ ಮಾರುವಾಗ ನಾನಿದನ್ನು ಮರೆಯುತ್ತಿರಲಿಲ್ಲ.

ಶಾಲೆಗೆ ರಜೆ ಇದ್ದ ದಿನ ಶಿಬಿರ. ಒಂದು ಕೊಠಡಿಯ ಕಿಟಕಿಗಳಿಗೆ ಬೆಡ್‌ಶೀಟು ಕಟ್ಟಿ, ಎರಡು ಮೇಜು ಜೋಡಿಸಿ ಮೇಲೆ ರಬ್ಬರ್ ಶೀಟು ಹಾಸಿದ್ದೆವು. ಕೋಲಾರದಿಂದ ಬಂದ ಡಾಕ್ಟರಮ್ಮ ಒಂದು ಸ್ಟೀಲಿನ ಉಪಕರಣದಿಂದ ಒಳಗೆ ಅಗಲಿಸಿ ನೋಡಿ, ಚಪ್ಪಟೆ ಮರದ ಕಡ್ಡಿಯಿಂದ ಗರ್ಭಕೋಶದ ಬಾಯನ್ನು ಮೆಲ್ಲಗೆ ಕೆರೆದು ಗಾಜಿನ ಸ್ಲೈಡಿಗೆ ಸವರುತ್ತಿದ್ದರು. ಅದು ಒಣಗುವ ಮೊದಲೇ ಸ್ಪಿರಿಟ್ಟಿನಲ್ಲಿ ಮುಳುಗಬೇಕು. ಆಮೇಲೆ ಒಂದು ಸಣ್ಣ ಬ್ರಷ್ಷು ತಿರುಗಿಸಿ, ಅದರ ತುದಿಯನ್ನು ದ್ರವ ಇದ್ದ ಟ್ಯೂಬಿಗೆ ಹಾಕಿ ಐಸಿನಲ್ಲಿ ಇಡಬೇಕು. ಸ್ಲೈಡು ಹೇಳುವುದು ಹೆಂಗಸಿನ ಜೀವಕೋಶಗಳ ಸ್ಥಿತಿಯನ್ನು, ಟ್ಯೂಬು ಹೇಳುವುದು ವೈರಸ್ಸಿನ ಅಕ್ಷರಗಳನ್ನು. ಎರಡಕ್ಕೂ ಒಂದೇ ನಂಬರು.

ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ಗುರುತು ಹಿಡಿದು ಒಳಗೆ ಬಿಡುವುದು ನನ್ನ ಕೆಲಸ. ಮಧ್ಯಾಹ್ನದ ಬಿಸಿಲಿಗೆ ಐಸು ಕುಗ್ಗತೊಡಗಿತು. ಮತ್ತೆ ತರಲು ಜೀಪು ಹತ್ತಿ ಮುಳಬಾಗಿಲಿಗೆ ಹೋದೆ. ನಾನು ಬರುವವರೆಗೆ ಬಾಗಿಲಲ್ಲಿ ನಿಂತವಳು ಊರಿನ ಮುಖ ಪರಿಚಯವಿಲ್ಲದ ನರ್ಸು. ವಾಪಸ್ಸು ಬಂದಾಗ ಎಲ್ಲರದೂ ಮುಗಿದಿತ್ತು. ಮನೆಗೊಂದಾಳು ಎಂದಂತೆ ಒಂದು ಮನೆಯೂ ತಪ್ಪಿರಲಿಲ್ಲ. ಖುಷಿಯಾಯಿತು.

ಕೆಲವು ವಾರಗಳ ಮೇಲೆ ರಿಪೋರ್ಟು ಬಂತು. ಒಂದು ಸ್ಲೈಡು ಕೆಟ್ಟದಾಗಿತ್ತು. ಇನ್ನೂ ಕ್ಯಾನ್ಸರ್ ಆಗಿಲ್ಲದಿರಬಹುದು, ಆದರೆ ಅದರ ಹೊಸಿಲ ಮೇಲೆ ಇದೆ, ತಡಮಾಡಬೇಡಿ ಎಂದರು. ಹೆಸರು ರೇಷ್ಮೆ ಹುಳು ಸಾಕುವ ಒಂದು ಮನೆಯ ಕಿರಿಯ ಸೊಸೆಯದು. ಆ ಮನೆಯಲ್ಲಿ ಇದ್ದ ಹೆಂಗಸರು ಇಬ್ಬರೇ. ಇವಳು, ಇನ್ನೊಬ್ಬಳು ಇವಳ ವಾರಗಿತ್ತಿ, ಹಿರಿಯ ಸೊಸೆ. ಹಿರಿಯವಳ ಗಂಡ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು.

ಕಿರಿಯ ಸೊಸೆಗೆ ವಿಷಯ ತಿಳಿಸಿದಾಗ ಅವಳು ನನ್ನನ್ನು ನೋಡದೆ ವಾರಗಿತ್ತಿಯ ಕಡೆ ನೋಡಿದಳು. ಹಿರಿಯವಳು ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಿದ್ದವಳು ಹಾಗೇ ಕತ್ತರಿಸುತ್ತಲೇ ಇದ್ದಳು. ಹೆದರಿಕೆ ಎಂದುಕೊಂಡೆ. ಮರುದಿನ ಜೀಪಿನಲ್ಲಿ ಕೋಲಾರಕ್ಕೆ ಹೊರಟಾಗ ದಾರಿಯುದ್ದಕ್ಕೂ ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು ಮಾಡುತ್ತಿದ್ದಳು. ಒಂದೆರಡು ಸಲ “ಅಕ್ಕ...” ಎಂದಳು. “ಏನಮ್ಮ?” ಎಂದರೆ “ಏನಿಲ್ಲ ಬಿಡಿ” ಎಂದಳು.

ಆಸ್ಪತ್ರೆಯ ಮೇಜಿನ ಮೇಲೆ ಮಲಗಿದಾಗ ಡಾಕ್ಟರಮ್ಮನ ಕೈಯಲ್ಲಿದ್ದ ಸ್ಟೀಲಿನ ಉಪಕರಣ ನೋಡಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

“ಅಯ್ಯೋ, ಏನಕ್ಕ ಇದು? ಬಾತುಕೋಳಿ ಬಾಯಿ ಇದ್ದಂಗಿದೆ.”

“ಏನೂ ಆಗಲ್ಲ, ಸುಮ್ನೆ ಉಸಿರು ಬಿಡಮ್ಮ,” ಎಂದರು ಡಾಕ್ಟರಮ್ಮ. ವಿನಿಗರ್ ಥರದ ದ್ರವ ಹಚ್ಚಿ, ದೊಡ್ಡದಾಗಿ ತೋರಿಸುವ ಯಂತ್ರದಲ್ಲಿ ಬಹಳ ಹೊತ್ತು ನೋಡಿದರು. ಕೆಟ್ಟ ಜಾಗ ಇದ್ದರೆ ಬಿಳಿಚಿಕೊಳ್ಳಬೇಕು. ಏನೂ ಬಿಳಿಚಿಕೊಳ್ಳಲಿಲ್ಲ. “ಚೆನ್ನಾಗಿದೆಯಲ್ಲ,” ಎಂದು ಹುಬ್ಬು ಗಂಟಿಕ್ಕಿ, ಇನ್ನೊಂದು ಸ್ಲೈಡು, ಇನ್ನೊಂದು ಟ್ಯೂಬು ತೆಗೆದರು. ನನಗಂತೂ ಎದೆ ಹಗುರವಾಯಿತು. ಅವಳಿಗೆ ಆಗಲಿಲ್ಲ. ಮಸಾಲೆ ದೋಸೆ ಕೊಡಿಸಿದರೆ ಅರ್ಧಕ್ಕೆ ಬಿಟ್ಟಳು. ಆಗಲೇ ನನಗೆ ಹೊಳೆಯಬೇಕಿತ್ತು.

ಮೇಡಂ ಫೋನು ಮಾಡಿದ್ದು ಅದಾದ ಮೇಲೆ. ಮುಳಬಾಗಿಲಿನ ಎಸ್‌ಟಿಡಿ ಬೂತಿನವನು ಜನ ಕಳಿಸಿ ಕರೆಸಿದ.

“ಅವಳ ಹೊಸ ಸ್ಲೈಡೂ ಚೆನ್ನಾಗಿದೆ. ಹಳೇ ಟ್ಯೂಬಲ್ಲೂ ವೈರಸ್ ಇದೆ, ಹೊಸ ಟ್ಯೂಬಲ್ಲೂ ಇದೆ, ಜಾತಿನೂ ಒಂದೇ,” ಎಂದರು. “ಆದರೆ ಒಂದೇ ವೈರಸ್ ಅಲ್ಲ. ಅಕ್ಷರಗಳು ಕೂಡಲ್ಲ.”

“ಇಷ್ಟು ದಿನದಲ್ಲಿ ಬದಲಾಗಿರಬೋದಲ್ವಾ ಮೇಡಂ? ನೆಗಡಿದು ವರ್ಷ ವರ್ಷ ಬದಲಾಗುತ್ತೆ ಅಂತೀರಲ್ಲ.”

“ಇದು ಹಾಗಲ್ಲ. ಇದರಲ್ಲಿ ಒಂದೆರಡು ಅಕ್ಷರ ಬದಲಾಗೋಕೆ ಸಾವಿರಾರು ವರ್ಷ ಬೇಕು. ಒಬ್ಬರಲ್ಲೇ ಎರಡು ಬಗೆ ಇರೋದು ಅಪರೂಪ. ಇದ್ದಿದ್ದರೆ ಒಂದರ ಜಾಡು ಇನ್ನೊಂದು ಟ್ಯೂಬಲ್ಲಿ ಸ್ವಲ್ಪನಾದರೂ ಕಾಣಬೇಕಿತ್ತು. ಹಳೇ ಟ್ಯೂಬಲ್ಲಿ ಉಳಿದಿದ್ದನ್ನ ತೆಗೆದು ಮತ್ತೆ ಓದಿಸಿದೆ, ಅದೇ ಬಂತು. ನಂಬರೇನಾದರೂ ಅದಲು ಬದಲಾಯ್ತಾ?”

ಟೇಪು ಇತ್ತು. ಸೀಸದ ಕಡ್ಡಿಯ ಅಕ್ಷರ ಇತ್ತು. ಸ್ಲೈಡು, ಟ್ಯೂಬು ಎರಡನ್ನೂ ಒಂದೇ ತಟ್ಟೆಯಲ್ಲಿ ಇಟ್ಟು ಒಬ್ಬರದು ಮುಗಿದ ಮೇಲೆಯೇ ಇನ್ನೊಬ್ಬರದು ತೆಗೆಯುವಂತೆ ಮಾಡಿಸಿದವಳು ನಾನೇ. ನಂಬರು ಬದಲಾಗುವುದಕ್ಕೆ ಜಾಗವೇ ಇರಲಿಲ್ಲ. ಇಲ್ಲ ಮೇಡಂ ಎನ್ನಬೇಕೆನ್ನುವಷ್ಟರಲ್ಲಿ ಆ ಬಾತುಕೋಳಿ ಬಾಯಿ ನೆನಪಾಯಿತು. ಶಿಬಿರದಲ್ಲಿ ಒಂದು ಸಲ ಆ ಮೇಜಿನ ಮೇಲೆ ಮಲಗಿ ಎದ್ದವಳು, ಕೋಲಾರದಲ್ಲಿ ಅದನ್ನು ನೋಡಿ “ಏನಕ್ಕ ಇದು” ಎಂದು ಯಾಕೆ ಕೇಳಿದಳು?

ಫೋನು ಇಟ್ಟು ಬೂತಿನಿಂದ ಹೊರಗೆ ಬಂದೆ. ಹಾಗಾದರೆ ಆ ಮನೆಯಿಂದ ಬಂದಿದ್ದವಳು ಯಾರು? ಉಳಿದಿದ್ದವಳು ಒಬ್ಬಳೇ. ಕರೆಯಬೇಡ ಎಂದು ಅಜ್ಜಿ ಹೇಳಿದ್ದ, ಆಗಲಿ ಎಂದು ನಾನು ಒಪ್ಪಿದ್ದ ಗಂಡನಿಲ್ಲದವಳು. ಕೆಟ್ಟ ಸ್ಲೈಡು ಅವಳದು. ಅವಳ ಹೊಸಿಲ ಮೇಲೆ ಕೂತದ್ದು ಅಲ್ಲಿಂದ ಕದಲಿರಲಿಲ್ಲ, ನಾವು ಬೇರೆಯವಳನ್ನು ಕರೆದುಕೊಂಡು ಹೋಗಿ ಚೆನ್ನಾಗಿದೆ ಎಂದು ವಾಪಸ್ಸು ಬಿಟ್ಟು ಬಂದಿದ್ದೆವು.

ಮರುದಿನ ಆ ಮನೆಗೆ ಹೋದೆ. ಕಿರಿಯವಳು ನನ್ನನ್ನು ಕಂಡವಳೇ ಬಿಂದಿಗೆ ಎತ್ತಿಕೊಂಡು ನೀರಿಗೆ ಹೊರಟುಬಿಟ್ಟಳು. ಹಿರಿಯವಳು ತಟ್ಟೆಗಳಿಗೆ ಸೊಪ್ಪು ಹಾಕುತ್ತಿದ್ದಳು. ಹುಳು ಮೇಯುವ ಸದ್ದು ಸಣ್ಣ ಮಳೆಯ ಹಾಗೆ ಬರುತ್ತಿತ್ತು.

“ನೀವೂ ಒಂದು ಸಲ ತೋರಿಸ್ಕೊಳ್ಳಮ್ಮ,” ಎಂದೆ, ಏನೂ ಗೊತ್ತಿಲ್ಲದವಳ ಹಾಗೆ.

“ನಮ್ಮನೆಯಿಂದ ಒಂದಾಳು ಬಂದಾಯ್ತಲ್ಲಕ್ಕ. ಮನೆಗೊಂದಾಳು ಅಂದೋರು ನೀವೇ ತಾನೆ?”

“ಹೊಟ್ಟೆನೋವು, ಬಿಳಿ ಸೆರಗು, ಏನಾದ್ರೂ ಇದೆಯಾ?”

ಅವಳ ಕೈ ನಿಂತಿತು. “ಇದ್ರೆ ಯಾರ ಹತ್ರ ಹೇಳ್ಲಿ? ಮುತ್ತೈದೆಯರಿಗೆ ಅಂತ ಸಾರಿಸಿದ್ರಿ. ನಾನು ಬಂದು ಮಲಗಿದ್ರೆ ಊರು ಏನನ್ನುತ್ತೆ? ಗಂಡ ಸತ್ತು ಇಷ್ಟು ವರ್ಷ ಆಯ್ತು, ಆ ಕಾಯಿಲೆ ಇವಳಿಗೆ ಎಲ್ಲಿಂದ ಬಂತು ಅನ್ನಲ್ವಾ?” ಎಂದವಳು ಮತ್ತೆ ಸೊಪ್ಪಿಗೆ ಕೈಹಾಕಿದಳು. “ಹುಳು ನಾಲ್ಕನೇ ಜ್ವರ ಮುಗಿಸಿ, ಪೊರೆ ಬಿಟ್ಟು ಎದ್ದಿವೆ, ಹೊತ್ತು ಹೊತ್ತಿಗೂ ಸೊಪ್ಪು ಬೇಕು. ಮಾತಿಗೆ ಪುರುಸೊತ್ತಿಲ್ಲ. ಹೋಗಿ ಬನ್ನಿ.”

‘ನೀವೇ ಬಂದಿದ್ದಿರಿ’ ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಆಡಲಿಲ್ಲ. ಆಡಿದ್ದರೆ ಅವಳು ಇಲ್ಲ ಎನ್ನಬೇಕಾಗುತ್ತಿತ್ತು. ಒಂದು ಸಲ ಇಲ್ಲ ಎಂದವರನ್ನು ಹೌದು ಅನ್ನಿಸುವುದು ಎಷ್ಟು ಕಷ್ಟವೆಂದು ಬೀದಿ ವ್ಯಾಪಾರ ಮಾಡಿದವರಿಗೆ ಗೊತ್ತು. ನಮಗೆ ತಿಳಿದದ್ದನ್ನೆಲ್ಲ ಅವರ ಮುಂದೆ ಹರಡಬಾರದು. ಅವರು ಮರ್ಯಾದೆಯಿಂದ ಒಳಗೆ ಬರಲು ಒಂದು ದಾರಿ ಬಿಡಬೇಕು. ನಾನು ಮುಚ್ಚಿದ್ದ ದಾರಿ ಯಾವುದು ಎಂದು ಈಗ ಗೊತ್ತಾಗಿತ್ತು. ಶಿಬಿರದ ದಿನ ಕಿರಿಯವಳು ಮುಟ್ಟಾಗಿದ್ದಳಂತೆ; ಉಳಿದವರೆಲ್ಲ ಮನೆಗೆ ಹೋದ ಮೇಲೆ ಹಿರಿಯವಳು ಕೊನೆಗೆ ಬಂದು ಅವಳ ಹೆಸರು ಹೇಳಿದ್ದಳಂತೆ. ಮನೆ ಕೊಟ್ಟ ಮಾತು ಉಳಿಯಲಿ, ಅಕ್ಕನ ನೋವಿಗೂ ಒಂದು ದಾರಿಯಾಗಲಿ ಎಂದು ವಾರಗಿತ್ತಿಯರಿಬ್ಬರೂ ಕೂಡಿ ಮಾಡಿದ್ದು. ಇದನ್ನು ನಾನು ತಿಳಿದದ್ದು ಬಹಳ ದಿನಗಳ ಮೇಲೆ. ಅವರ ಲೆಕ್ಕದಲ್ಲಿ ಅದು ಮೋಸವೇ ಅಲ್ಲ. ಮನೆಗೊಂದಾಳು ಹೋಗಿತ್ತು, ಅಷ್ಟೆ.

ಮೇಡಂಗೆ ಫೋನು ಮಾಡಿ ಹೇಳಿದೆ. ಅವರು ಆ ಮಾದರಿಯನ್ನು ಅಧ್ಯಯನದಿಂದ ಆಚೆಗಿಟ್ಟರು. “ಮಾದರಿ ಹೋಗಲಿ. ಆ ಹೆಂಗಸು ಬೇಕು,” ಎಂದರು. ನಾನು ಇನ್ನೊಂದು ಶಿಬಿರ ಕೇಳಿದೆ, ಅದೇ ಊರಿನಲ್ಲಿ. ದುಡ್ಡಿಗೆ ಮೇಲಿನವರನ್ನು ಕೇಳಬೇಕು ಎಂದರು. ಕೇಳಿದರು, ಜಗಳವಾಡಿದರು, ತಂದರು.

ನನ್ನ ಪಾಲಿಗೆ ಉಳಿದದ್ದು ಅಜ್ಜಿ. ಅದೇ ಡೈರಿ ಮುಂದೆ, ಅದೇ ಕಲ್ಲಿನ ಮೇಲೆ.

“ಅಜ್ಜಿ, ಆವತ್ತಿನ ಮಾತು ವಾಪಸ್ ತಗೊಳ್ಬೇಕು. ಗಂಡ ಇಲ್ದೋರೂ ಬರ್ಬೇಕು.”

“ಮಾತೇನು ನಿನ್ನ ಪಾತ್ರೇನಾ, ಸೊಟ್ಟ ಆಗಿದೆ ಅಂತ ವಾಪಸ್ ಕೊಡೋಕೆ?”

“ಸೊಟ್ಟ ಆಗಿರೋದು ನಿಜ ಅಜ್ಜಿ. ಕೊಟ್ಟೋಳು ನೀನು, ನೋಡದೆ ತಗೊಂಡೋಳು ನಾನು.”

ಅವಳಿಗೆ ಯಾರ ಹೆಸರನ್ನೂ ಹೇಳಲಿಲ್ಲ. ಈ ಕಾಯಿಲೆಯ ಬೀಜ ಗಂಡ ಬದುಕಿದ್ದಾಗ ಬಿದ್ದದ್ದು, ಹತ್ತು ಹದಿನೈದು ವರ್ಷ ಸದ್ದಿಲ್ಲದೆ ಕೂತು ಆಮೇಲೆ ಏಳುತ್ತದೆ, ಆ ಹೊತ್ತಿಗೆ ಗಂಡ ಇದ್ದರೂ ಅಷ್ಟೆ ಹೋದರೂ ಅಷ್ಟೆ ಎಂದು ಹೇಳಿದೆ. ಅಜ್ಜಿ ಬಾಯಾಡಿಸುವುದನ್ನು ನಿಲ್ಲಿಸಿದಳು. ಡೈರಿಗೆ ಹಾಲು ಹಾಕಿದವರೆಲ್ಲ ಹೋದರು.

“ನೋಡಿದೀನಿ ಕಣೇ,” ಎಂದಳು ಆಮೇಲೆ. “ವಾಸನೆ ಬರುತ್ತೆ ಅಂತ ಇಂಥೋರನ್ನ ದನದ ಕೊಟ್ಟಿಗೇಲಿ ಹಾಕಿರ್ತಿದ್ರು. ಒಳಗೆ ಹೋಗಿ ತೊಳ್ದು ಬರ್ತಿದ್ದೋಳು ನಾನೊಬ್ಬಳೇ. ಎಲ್ಲಾ ವಯಸ್ಸಾದೋರು, ಗಂಡ ಇಲ್ದೋರೇ ಜಾಸ್ತಿ. ಯಾವನ ಹತ್ರ ಹೋಗಿದ್ಲೋ ಅಂತ ಮಾತಾಡೋರು. ನಾನೂ ಹಂಗೇ ಅಂದ್ಕೊಂಡಿದ್ದೆ ಒಬ್ಬಳ ವಿಷ್ಯದಲ್ಲಿ.” ಸ್ವಲ್ಪ ತಡೆದು, “ನಮ್ಮಕ್ಕನ ವಿಷ್ಯದಲ್ಲಿ,” ಎಂದಳು.

ಚೌಕಾಸಿ ಮಾಡುವವರಿಗೆ ಸುಮ್ಮನಿರುವುದೂ ಬರಬೇಕು, ಆದರೆ ಆವತ್ತು ನಾನು ಚೌಕಾಸಿಗಾಗಿ ಸುಮ್ಮನಿದ್ದದ್ದಲ್ಲ.

ಕೊನೆಗೆ ಅವಳೇ ಕೇಳಿದಳು. “ನಾನು ಹೇಳಿದ್ರೆ ಸಾಲ್ದು, ಅಲ್ವಾ?”

“ಸಾಲ್ದಜ್ಜಿ. ನೀನು ಮಲಗ್ಬೇಕು. ಎಲ್ಲರಿಗಿಂತ ಮೊದಲು.”

“ನಂದ್ ನೋಡಿ ನಿಮ್ಮ ಡಾಕ್ಟ್ರಮ್ಮಂಗೆ ಏನು ಸಿಗುತ್ತೆ? ಊರೋರದ್ದೆಲ್ಲಾ ನಾನು ನೋಡಿದೀನಿ. ನಂದ್ ಒಬ್ರು ನೋಡಿಲ್ಲ.”

“ಅದಕ್ಕೇ.”

ಎರಡನೇ ಶಿಬಿರದಲ್ಲಿ ಮನೆಗೊಂದಾಳು ಎನ್ನಲಿಲ್ಲ. ಮನೆಯಲ್ಲಿರುವ ಹೆಂಗಸರೆಲ್ಲ ಬರಲಿ, ದೊಡ್ಡವರು ಮೊದಲು ಎಂದು ಸಾರಿಸಿದೆ. ಐಸು ತರಲು ಬೇರೆಯವರನ್ನು ಕಳಿಸಿ ಬಾಗಿಲು ಬಿಟ್ಟು ಕದಲಲಿಲ್ಲ. ಅಜ್ಜಿ ಒಗೆದ ಸೀರೆ ಉಟ್ಟು ಎಲ್ಲರ ಕಣ್ಣೆದುರಿಗೇ ಒಳಗೆ ಹೋದಳು. ಈಚೆ ಬಂದು, “ಇಷ್ಟಕ್ಕಾ ಹೆದರೋದು? ನಿಮ್ಮನ್ನ ಹೆತ್ತಾಗ ನಿಮ್ಮ ಅಮ್ಮಂದಿರು ಇದರ ನೂರು ಪಾಲು ಪಟ್ಟಿದ್ರು,” ಎಂದು ಗದರಿ, ಶಾಲೆಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. ವಯಸ್ಸಿನ ಪ್ರಕಾರ ಕೂಗುವುದು ಶುರು ಮಾಡಿದಳು. ಯಾರು ಯಾವ ಮಳೆಗಾಲದಲ್ಲಿ ಹುಟ್ಟಿದವರು, ಯಾರು ಯಾವ ವರ್ಷ ಸೊಸೆಯಾಗಿ ಬಂದವರು ಎಂಬುದು ಅವಳಿಗೇ ಗೊತ್ತಿದ್ದದ್ದು. ರೇಷ್ಮೆ ಮನೆಯ ಹಿರಿಯ ಸೊಸೆಯ ಸರದಿ ಬಂದಾಗ ಸುತ್ತ ಗಂಡನಿದ್ದವರು, ಇಲ್ಲದವರು ಎಲ್ಲ ಬೆರೆತು ಕೂತಿದ್ದರು. ಅವಳು ಎದ್ದು ಬಂದಳು. ನಾನು ಅವಳ ಮುಖ ನೋಡದೆ ಪರದೆ ಸರಿಸಿದೆ.

ಅವಳ ಟ್ಯೂಬಿನ ಅಕ್ಷರಗಳು ಮೊದಲ ಶಿಬಿರದ ಆ ಟ್ಯೂಬಿನ ಜೊತೆ ಒಂದೂ ತಪ್ಪದೆ ಕೂಡಿದವು. ಸ್ಲೈಡು ಮೊದಲಿನಷ್ಟೇ ಕೆಟ್ಟದಾಗಿತ್ತು. ಕೋಲಾರದಲ್ಲಿ ದ್ರವ ಹಚ್ಚಿದ ಕೂಡಲೇ ಸುಣ್ಣ ಬಳಿದ ಹಾಗೆ ಬಿಳಿಚಿಕೊಂಡಿತು. ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಗರ್ಭಕೋಶ ತೆಗೆದರು. ಆಚೆಗೆ ಹರಡಿರಲಿಲ್ಲ. ಇನ್ನೊಂದು ವರ್ಷ ಬಿಟ್ಟಿದ್ದರೆ ಎಂದು ಡಾಕ್ಟರು ಮಾತು ಶುರು ಮಾಡಿ ಮುಗಿಸಲಿಲ್ಲ. ಕಿರಿಯವಳಿಗೆ ಹೆದರಬೇಡ, ಬಹಳ ಜನರಲ್ಲಿ ತಾನೇ ಹೋಗುತ್ತದೆ, ವರ್ಷಕ್ಕೊಮ್ಮೆ ತೋರಿಸಿಕೋ ಎಂದರು.

ನನಗೆ ಕೆಲಸ ಹೆಚ್ಚಾಯಿತು. ಶ್ರೀನಿವಾಸಪುರ, ಮಾಸ್ತಿಯ ಕಡೆ ಷರತ್ತು ಒಪ್ಪಿ ಬಂದಿದ್ದ ಹಳ್ಳಿಗಳಿಗೆಲ್ಲ ತಿರುಗಿ ಹೋಗಿ, ಬಿಟ್ಟು ಬಂದಿದ್ದವರನ್ನು ಕರೆಯಬೇಕಾಯಿತು. ಪ್ರತಿ ಊರಿನಲ್ಲೂ ಮೊದಲು ಮಲಗುವ ಒಬ್ಬ ಅಜ್ಜಿಯನ್ನು ಹುಡುಕಿದೆ. ಯಾವ ಅಕ್ಷರ ಬದಲಾದರೆ ಕ್ಯಾನ್ಸರಿಗೆ ಹೆಚ್ಚು ಹತ್ತಿರ ಎಂಬ ಮೇಡಂ ಅವರ ಪ್ರಶ್ನೆಗೆ ಏನು ಉತ್ತರ ಸಿಕ್ಕಿತೆಂದು ಹೇಳುವಷ್ಟು ಓದು ನನಗಿಲ್ಲ. ಕೇಳಿದಾಗಲೆಲ್ಲ ಅವರು “ಇನ್ನೂ ನೋಡಬೇಕು” ಎನ್ನುತ್ತಿದ್ದರು. ಆ ಅಕ್ಷರಗಳಿಂದ ನನ್ನ ಕಣ್ಣೆದುರಿಗೆ ಆದದ್ದು ಒಂದು. ಬೇರೆಯವರ ಹೆಸರಿನ ಹಿಂದೆ ನಿಂತಿದ್ದ ಒಬ್ಬಳು ಕೈಗೆ ಸಿಕ್ಕಳು.

ಮರು ವರ್ಷ ಅದೇ ಶಾಲೆಯಲ್ಲಿ ತಪಾಸಣೆ ಇತ್ತು. ಮೇಜಿನ ಹತ್ತಿರ ಹೊಸ ನರ್ಸು ಕೂತು ಬರೆದುಕೊಳ್ಳುತ್ತಿದ್ದಳು. ವಾರಗಿತ್ತಿಯರಿಬ್ಬರೂ ಒಟ್ಟಿಗೆ ಬಂದರು. ಮುಂದೆ ಹಿರಿಯವಳು.

“ಹೆಸರು?” ಎಂದಳು ನರ್ಸು, ತಲೆ ಎತ್ತದೆ.

ಹಿರಿಯವಳು ಒಂದು ಗಳಿಗೆ ಬಾಗಿಲಲ್ಲಿದ್ದ ನನ್ನನ್ನು ನೋಡಿದಳು. ಆಮೇಲೆ ತನ್ನ ಹೆಸರು ಹೇಳಿದಳು, ಮೆಟ್ಟಿಲ ಮೇಲೆ ಕೂತ ಅಜ್ಜಿಗೂ ಕೇಳಿಸುವಷ್ಟು ಗಟ್ಟಿಯಾಗಿ.

“ನಂದೇ,” ಎಂದು ಸೇರಿಸಿದಳು.